ಊರಿನ ಮನೆಗೆ ಹೊಸ ಇಂಟರ್ನೆಟ್: ನೀವು ಹೊರಟ ಮೇಲೂ ನಡೆಯಬೇಕು

ಪ್ರಶ್ನೆ: ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಅಪ್ಪಯ್ಯ (71) ಮತ್ತು ಅಮ್ಮ (66) ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ಇಷ್ಟು ದಿನ ಅಪ್ಪಯ್ಯನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಟಿವಿ, ಯೂಟ್ಯೂಬ್ ಎಲ್ಲ ನಡೆಯುತ್ತಿತ್ತು. ಈಗ ನಮ್ಮೂರಿಗೂ ಫೈಬರ್ ಬಂದಿದೆ. ಗಣೇಶನ ಹಬ್ಬಕ್ಕೆ ಹೋದಾಗ ಹಾಕಿಸಿ ಬರೋಣ ಅಂತಿದ್ದೇನೆ. ಹಳೇ ಮನೆ, ದಪ್ಪ ಗೋಡೆ. ಇಬ್ಬರಿಗೂ ಇದರ ತಲೆಬುಡ ಗೊತ್ತಿಲ್ಲ. ಯಾವ ಕಂಪನಿ, ಎಷ್ಟು ಸ್ಪೀಡ್, ಏನೇನು ನೋಡಿಕೊಳ್ಳಬೇಕು? ಹಳೇ ಲ್ಯಾಂಡ್‌ಲೈನ್ ಒಂದಿದೆ, ಅದನ್ನು ತೆಗೆಸಬಹುದಾ?

ಉತ್ತರ: ಹಾಕಿಸುವುದೇನೂ ಕಷ್ಟವಲ್ಲ. ಹುಡುಗರು ಬಂದು ಕೇಬಲ್ ಎಳೆದು, ಬಾಕ್ಸ್ (ವೈಫೈ ಕೊಡುವ ರೂಟರ್) ಕೂರಿಸಿ, ನಿಮ್ಮ ಮೊಬೈಲ್‌ನಲ್ಲಿ ಸ್ಪೀಡ್ ತೋರಿಸಿ ಅರ್ಧ ದಿನದಲ್ಲಿ ಹೊರಟುಬಿಡುತ್ತಾರೆ. ತಲೆಬಿಸಿ ಶುರುವಾಗುವುದು ನೀವು ಪುಣೆಗೆ ವಾಪಸ್ ಹೋದ ಮೇಲೆ. ಒಂದು ಸಂಜೆ ಅಪ್ಪಯ್ಯ ಫೋನ್ ಮಾಡಿ “ಏನೂ ಬರ್ತಾ ಇಲ್ಲ” ಅನ್ನುತ್ತಾರೆ. ಅಲ್ಲಿಂದ ಮುಂದೆ ಇಬ್ಬರಿಗೂ ಏನು ಕೇಳಬೇಕು, ಏನು ಹೇಳಬೇಕು ಅಂತ ತಿಳಿಯುವುದಿಲ್ಲ. ಹಾಗಾಗಿ ಕಂಪನಿ ಆರಿಸುವುದರಿಂದ ಹಿಡಿದು ಬಾಕ್ಸ್‌ಗೆ ಮೊಳೆ ಹೊಡೆಯುವವರೆಗೆ ನಿಮ್ಮ ತಲೆಯಲ್ಲಿ ಒಂದೇ ಪ್ರಶ್ನೆ ಇರಲಿ: ನಾನಿಲ್ಲದಾಗ ಇದು ಕೈಕೊಟ್ಟರೆ ಇವರಿಬ್ಬರೇ ಏನು ಮಾಡಬಹುದು?

ಕಂಪನಿ ವಿಷಯದಲ್ಲಿ ಜಾಹೀರಾತು ನೋಡಬೇಡಿ, ಪಕ್ಕದ ಮನೆಯವರನ್ನು ಕೇಳಿ. ಅದೂ “ಸ್ಪೀಡ್ ಹೇಗಿದೆ” ಅಂತ ಅಲ್ಲ. “ಜುಲೈ ಮಳೆಯಲ್ಲಿ ಲೈನ್ ಕಟ್ ಆದಾಗ ಎಷ್ಟು ದಿನಕ್ಕೆ ಬಂದರು” ಅಂತ ಕೇಳಿ. ನಿಮ್ಮ ಕಡೆ ಕೇಬಲ್ ಬರುವುದು ಮೆಸ್ಕಾಂ ಕರೆಂಟ್ ಕಂಬದ ಮೇಲೆ, ಅಡಿಕೆ ತೋಟದ ಅಂಚಿನಲ್ಲಿ, ಕೆಲವೆಡೆ ಮರದಿಂದ ಮರಕ್ಕೆ. ಗಾಳಿಗೆ ಕೊಂಬೆ ಬೀಳುತ್ತದೆ, ಮಂಗ ಜೋತಾಡುತ್ತದೆ. ಲೈನ್ ಕಟ್ ಆಗದ ಕಂಪನಿ ಮಲೆನಾಡಿನಲ್ಲಿ ಇಲ್ಲ. ವ್ಯತ್ಯಾಸ ಇರುವುದು ಜೋಡಿಸಲು ಬರುವ ಮನುಷ್ಯ ಎಷ್ಟು ದೂರದಲ್ಲಿದ್ದಾನೆ ಎನ್ನುವುದರಲ್ಲಿ. ಬಿಎಸ್ಎನ್ಎಲ್ ಫೈಬರ್ ಕೂಡ ಹಳ್ಳಿಗಳಲ್ಲಿ ಬಹಳಷ್ಟು ಕಡೆ ಊರಿನ ಕೇಬಲ್ ಆಪರೇಟರ್ ಕೈಯಲ್ಲೇ ನಡೆಯುತ್ತದೆ. ಆ ಆಪರೇಟರ್ ನಿಮ್ಮ ಅಪ್ಪಯ್ಯನಿಗೆ ಮುಖ ಪರಿಚಯದವನಾದರೆ ಅರ್ಧ ಗೆದ್ದ ಹಾಗೆ.

ಕೇಬಲ್ ಎಳೆಯಲು ಆಗುವುದೇ ಇಲ್ಲ ಅಂದರೆ ಏರ್‌ಫೈಬರ್ ಅಂತ ಒಂದಿದೆ. ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಶುರು ಮಾಡಿದವು. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು 5ಜಿ ಟವರ್ ಸಿಗ್ನಲ್. ಮಾಡಿನ ಮೇಲೆ ಒಂದು ಡಬ್ಬ ಕೂರಿಸುತ್ತಾರೆ. ಹತ್ತಿರದಲ್ಲಿ 5ಜಿ ಟವರ್ ಇದ್ದು, ನಡುವೆ ಗುಡ್ಡ ಅಡ್ಡ ಬರದಿದ್ದರೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ನಿಮ್ಮೂರಿಗೆ ನಿಜವಾದ ಫೈಬರ್ ಬಂದಿರುವಾಗ ಅದನ್ನು ಬಿಟ್ಟು ಇದಕ್ಕೆ ಹೋಗಬೇಡಿ.

ಸ್ಪೀಡ್ ಬಗ್ಗೆ ಜನ ಸುಮ್ನೆ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ. ನೆಟ್‌ಫ್ಲಿಕ್ಸ್‌ನವರು ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, 4ಕೆ ಚಿತ್ರಕ್ಕೆ 15. ವಾಟ್ಸಾಪ್ ವಿಡಿಯೊ ಕಾಲ್‌ಗೆ ಅದಕ್ಕಿಂತ ಕಡಿಮೆ. ಒಬ್ಬರು ಟಿವಿಯಲ್ಲಿ ಯಕ್ಷಗಾನ, ಇನ್ನೊಬ್ಬರು ಮೊಬೈಲ್‌ನಲ್ಲಿ ಅಡುಗೆ ವಿಡಿಯೊ ನೋಡಿದರೆ 30 ಎಂಬಿಪಿಎಸ್ ಧಾರಾಳ. ನೀವು ಹೋದಾಗ ಅಲ್ಲಿಂದಲೇ ಆಫೀಸ್ ಕೆಲಸ ಮಾಡುವುದಿದ್ದರೆ 50ರದ್ದೋ 100ರದ್ದೋ ಹಾಕಿಸಿ. ಬೆಲೆ ಕೇಳುವಾಗ “ಜಿಎಸ್‌ಟಿ ಸೇರಿಸಿ ಎಷ್ಟು” ಅಂತ ಕೇಳಿ. 18 ಪರ್ಸೆಂಟ್ ಸೇರಿದರೆ 499 ರೂಪಾಯಿ ಪ್ಲಾನ್ ಸುಮಾರು 589 ಆಗುತ್ತದೆ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಬಾಕ್ಸ್ ಫ್ರೀ ಅನ್ನುತ್ತಾರೆ. ಊರಲ್ಲಿ ಆ ಲೈನ್ ಒಂದು ಮಳೆಗಾಲ ಕಂಡಿದ್ದರೆ ಕಟ್ಟಿ. ಹೊಸದಾಗಿ ಎಳೆದದ್ದಾದರೆ ಮೊದಲು ತಿಂಗಳ ಲೆಕ್ಕದಲ್ಲೇ ತಗೊಳ್ಳಿ. ನಾಲ್ಕು ಕಾಸು ಜಾಸ್ತಿ ಹೋದರೂ ಪರವಾಗಿಲ್ಲ.

ಅರ್ಜಿಯಲ್ಲಿ ಯಾರ ಫೋನ್ ನಂಬರ್ ಕೊಡಬೇಕು ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ಕನೆಕ್ಷನ್ ಅಪ್ಪಯ್ಯನ ಹೆಸರಲ್ಲಿ, ಅವರ ಆಧಾರ್ ಮೇಲೆ ಇರಲಿ. ರಿಜಿಸ್ಟರ್ ಮಾಡುವ ಮೊಬೈಲ್ ನಂಬರ್ ಮಾತ್ರ ನಿಮ್ಮದಿರಲಿ. ಬಿಲ್ಲು, ಒಟಿಪಿ, ಕಂಪ್ಲೇಂಟ್ ನಂಬರ್ ಎಲ್ಲ ಅದಕ್ಕೇ ಬರುವುದು, ಪುಣೆಯಲ್ಲಿ ಕೂತೇ ನೀವು ನೋಡಿಕೊಳ್ಳಬಹುದು. ಎರಡನೇ ನಂಬರ್ ಅಂತ ಅಪ್ಪಯ್ಯನದು ಬರೆಸಿ, ಮನೆ ಹುಡುಕಿಕೊಂಡು ಬರುವವರು ಅವರಿಗೆ ಮಾಡಲಿ.

ಈಗ ಬಾಕ್ಸ್ ಎಲ್ಲಿಡಬೇಕು ಎನ್ನುವ ಪ್ರಶ್ನೆ. ನನ್ನ ಅನುಭವದಲ್ಲಿ ಮನೆ ವೈಫೈ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಹಾಕಲು ಬಂದವರಿಗೆ ಜಗಲಿಯ ಕಿಟಕಿ ಬಹಳ ಪ್ರೀತಿ. ಕೇಬಲ್ ಒಳಗೆ ಬಂದ ಕೂಡಲೇ ಅಲ್ಲೇ ಬಾಕ್ಸ್ ಕೂರಿಸಿದರೆ ಕೆಲಸ ಮುಗಿಯಿತಲ್ಲ! ನಿಮ್ಮದು ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆ ಇರಬೇಕು. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸುಸ್ತಾಗಿರುತ್ತದೆ. ಆಮೇಲೆ ಜಗಲಿಯಲ್ಲಿ ಕೂತ ಅಪ್ಪಯ್ಯನಿಗೆ ಎಲ್ಲ ಸರಿ, ಅಡುಗೆಮನೆಯಲ್ಲಿರುವ ಅಮ್ಮನಿಗೆ ಮಾತ್ರ ಸದಾ ಸುತ್ತುವ ಚಕ್ರ.

ಅವರು ಬರುವ ಮೊದಲೇ ಒಂದು ಪರೀಕ್ಷೆ ಮಾಡಿ, ದುಡ್ಡು ಬೇಡ. ನಿಮ್ಮ ಮೊಬೈಲ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಬಾಕ್ಸ್ ಇಡಬೇಕು ಅಂದುಕೊಂಡ ಜಾಗದಲ್ಲಿ, ಆಳೆತ್ತರದಲ್ಲಿ ಇಡಿ. ಅಮ್ಮನ ಮೊಬೈಲನ್ನು ಅದಕ್ಕೆ ಜೋಡಿಸಿಕೊಂಡು ಅಡುಗೆಮನೆ, ಮಲಗುವ ಕೋಣೆ, ಸಂಜೆ ಅವರು ಕೂರುವ ಜಾಗ ಎಲ್ಲ ಒಂದು ಸುತ್ತು ಹಾಕಿ. ವೈಫೈ ಗುರುತಿನ ಗೆರೆಗಳನ್ನು ನೋಡಿ. ಮೊಬೈಲ್ ಹಾಟ್‌ಸ್ಪಾಟ್ ಸಾಮಾನ್ಯವಾಗಿ ರೂಟರ್‌ಗಿಂತ ದುರ್ಬಲ. ಅದೇ ಮುಟ್ಟಿದ ಕಡೆಗೆ ರೂಟರ್ ಖಂಡಿತ ಮುಟ್ಟುತ್ತದೆ. ಹೀಗೆ ಎರಡು ಮೂರು ಜಾಗ ನೋಡಿದರೆ ಸರಿಯಾದದ್ದು ತಾನಾಗಿ ಗೊತ್ತಾಗುತ್ತದೆ. ಹೆಚ್ಚಾಗಿ ಅದು ನಡುಮನೆಯೇ ಆಗಿರುತ್ತದೆ. ಟಿವಿ ಹಿಂದೆ, ಫ್ರಿಜ್ ಪಕ್ಕ, ಕಪಾಟಿನ ಒಳಗೆ, ನೆಲದ ಮೇಲೆ ಬೇಡ. ಲೈಟುಗಳು ಎದುರಿಗೆ ಕಾಣುವ ಹಾಗಿರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಲ್ಲಿಟ್ಟರೂ ಅಡುಗೆಮನೆಗೆ ಮುಟ್ಟುವುದಿಲ್ಲ ಅಂತಾದರೆ ಅಗ್ಗದ ಎಕ್ಸ್‌ಟೆಂಡರ್ ಕೊಳ್ಳಲು ಹೋಗಬೇಡಿ. ದಪ್ಪ ಗೋಡೆಯ ಆಚೆ ಅದಕ್ಕೇ ಸಿಗ್ನಲ್ ಸಿಗುವುದಿಲ್ಲ, ಇನ್ನು ಮುಂದಕ್ಕೆ ಏನು ಕಳಿಸೀತು? ಅದರ ಬದಲು ಬಾಕ್ಸ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆದು ಆಚೆ ತುದಿಗೆ ಎರಡನೇ ರೂಟರ್ ಹಾಕಿಸಿ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಆರಾಮಾಗಿ ಹೋಗುತ್ತದೆ. ಕೊಟ್ಟಿಗೆಯವರೆಗೂ ಒಯ್ಯಬಹುದು ಬೇಕಾದರೆ. ಎರಡನೇ ರೂಟರನ್ನು “ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಹಾಕಿ” ಅಂತ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಹಾಕುವ ದಿನ ನೀವು ಪಕ್ಕದಲ್ಲೇ ನಿಂತಿರಿ. ಆ ಕಪ್ಪು ಕೇಬಲ್ ಒಳಗೆ ಇರುವುದು ಗಾಜಿನ ಎಳೆ. ಹೊರಗಿನ ಅಳತೆ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನ ಎಂಟನೇ ಒಂದು ಭಾಗ. ಬೆಳಕು ಹರಿಯುವುದು ಅದರ ನಡುವಿನ ಬರೀ 9 ಮೈಕ್ರಾನ್ ಜಾಗದಲ್ಲಿ. ಹುಡುಗರು ಸಿಪ್ಪೆ ಬಿಡಿಸಿ, ಸ್ಪಿರಿಟ್ ಹಚ್ಚಿದ ಟಿಶ್ಯೂನಿಂದ ಎಳೆ ಒರೆಸಿ, ಸಣ್ಣ ಯಂತ್ರದಲ್ಲಿ ತುದಿ ನೇರವಾಗಿ ಕತ್ತರಿಸುತ್ತಾರೆ. ಉದುರಿದ ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ, ಕಾಲಿಗೆ ಚುಚ್ಚಿದರೆ ತೆಗೆಯುವುದು ಕಷ್ಟ. ಬರಿಗಾಲಲ್ಲಿ ಓಡಾಡುವ ಮನೆ ನಿಮ್ಮದು. ಕೆಳಗೆ ಒಂದು ಪೇಪರ್ ಹಾಸಿಕೊಡಿ, ಆಮೇಲೆ ಮಡಚಿ ಬಿಸಾಡಿ. ಕೇಬಲ್ ತುದಿಯನ್ನು ಕಣ್ಣಿಗೆ ಹಿಡಿದು “ಬೆಳಕು ಬರ್ತಿದೆಯಾ” ಅಂತ ಯಾರೂ ನೋಡಬಾರದು. ಅದು ಕಣ್ಣಿಗೆ ಕಾಣದ ಲೇಸರ್.

ಜೋಡಿಸಿದ ಮೇಲೆ ಅವರ ಕೈಲಿರುವ ಪವರ್ ಮೀಟರ್ ನೋಡಿ, “ಪವರ್ ಎಷ್ಟು ಬರ್ತಿದೆ” ಅಂತ ಕೇಳಿ. ಮೈನಸ್ 18, ಮೈನಸ್ 22 ಅಂತೆಲ್ಲ ಹೇಳುತ್ತಾರೆ. ಅದು ಮನೆಗೆ ಮುಟ್ಟುತ್ತಿರುವ ಬೆಳಕಿನ ಲೆಕ್ಕ. ಹೆಚ್ಚಿನ ಬಾಕ್ಸ್‌ಗಳು ಮೈನಸ್ 27ರ ಆಸುಪಾಸಿನವರೆಗೆ ಕೆಲಸ ಮಾಡುತ್ತವೆ. ಈ ಲೆಕ್ಕದಲ್ಲಿ 3 ಇಳಿದರೆ, ಅಂದರೆ ಮೈನಸ್ 20 ಇದ್ದದ್ದು ಮೈನಸ್ 23 ಆದರೆ, ಬೆಳಕು ಅರ್ಧಕ್ಕೆ ಇಳಿಯಿತು ಅಂತ ಅರ್ಥ. ಮೊದಲ ದಿನವೇ ಮೈನಸ್ 26 ಇದ್ದರೆ ಇವತ್ತು ನಡೆಯುತ್ತದೆ, ಮುಂದಿನ ಮಳೆಗೆ ನಿಲ್ಲುತ್ತದೆ. ಆಗಲೇ “ಇನ್ನೊಂದು ಸಲ ಜಾಯಿಂಟ್ ನೋಡಿ” ಅನ್ನಿ. ಬಂದ ಅಂಕಿಯನ್ನು ಬಾಕ್ಸ್ ಹಿಂದೆ ಪೆನ್ನಿನಲ್ಲಿ ಬರೆದಿಡಿ. ಮುಂದೆ ರಿಪೇರಿಗೆ ಬಂದವರಿಗೆ ಅದಕ್ಕಿಂತ ಒಳ್ಳೆ ಸುಳಿವು ಬೇರೆ ಸಿಗುವುದಿಲ್ಲ.

ಇನ್ನೆರಡು ಮಾತು ಅವರಿಗೆ ಹೇಳಿಬಿಡಿ. ಮನೆ ಹೊರಗೆ ಒಂದೈದಾರು ಮೀಟರ್ ಕೇಬಲ್ ಜಾಸ್ತಿ ಬಿಟ್ಟು ಸುರುಳಿ ಸುತ್ತಿ ಕಟ್ಟಲಿ. ಕಟ್ ಆದಾಗ ಎಳೆದು ಜೋಡಿಸಲು ಬೇಕಾಗುತ್ತದೆ. ಒಳಗೆ ಬಾಗಿಲ ಸಂದಿಯಲ್ಲಿ ಕೇಬಲ್ ಬರಬಾರದು, ಮೂಲೆಯಲ್ಲಿ ಚೂಪಾಗಿ ಮಡಚಬಾರದು. ಗಾಜು ಮುರಿಯದಿದ್ದರೂ ಬೆಳಕು ಅಲ್ಲೇ ಸೋರಿಹೋಗುತ್ತದೆ.

ಅವರು ಹೊರಟ ಮೇಲೆ ನಿಮ್ಮ ನಿಜವಾದ ಕೆಲಸ. ಬಾಕ್ಸ್ ಮೇಲೆ ಸಾಲಾಗಿ ಲೈಟುಗಳಿರುತ್ತವೆ. ಎಲ್ಲವನ್ನೂ ಕಲಿಸಲು ಹೋಗಬೇಡಿ, ಮೂರು ಸಾಕು: ಪವರ್ (ಕರೆಂಟ್ ಇದೆ), ಪಿಒಎನ್ (ಲೈನ್ ಜೋಡಿಕೊಂಡಿದೆ), ಎಲ್‌ಒಎಸ್ (ಬೆಳಕು ಬರುತ್ತಿಲ್ಲ). ಇಂಗ್ಲಿಷ್ ಅಕ್ಷರ ತೀರಾ ಸಣ್ಣದಾಗಿರುತ್ತದೆ, ಕನ್ನಡಕ ಹಾಕಿದರೂ ಕಾಣುವುದಿಲ್ಲ. ಬಿಳಿ ಟೇಪ್ ಅಂಟಿಸಿ, ಅದರ ಮೇಲೆ ಕನ್ನಡದಲ್ಲಿ 1, 2, 3 ಅಂತ ಮಾರ್ಕರ್‌ನಲ್ಲಿ ದಪ್ಪಗೆ ಬರೆಯಿರಿ. ಪವರ್‌ಗೆ 1, ಪಿಒಎನ್‌ಗೆ 2, ಎಲ್‌ಒಎಸ್‌ಗೆ 3. ಆಮೇಲೆ ಫೋನ್‌ನಲ್ಲಿ ಮಾತು ಹೀಗೆ ನಡೆಯುತ್ತದೆ:

“ಅಪ್ಪಯ್ಯ, ಒಂದನೇ ಲೈಟ್ ಉಂಟಾ?”

“ಉಂಟು.”

“ಮೂರನೇದು?”

“ಕೆಂಪಗೆ ಮಿಣಮಿಣ ಅಂತಿದೆ ಮಾರಾಯ್ತಿ.”

ಮುಗಿಯಿತು. ಮೂರನೇದು ಕೆಂಪಾದರೆ ಮನೆಗೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಹೊರಗೆಲ್ಲೋ ಕೇಬಲ್ ಕಟ್ ಆಗಿದೆ, ಇಲ್ಲವೇ ಆಪರೇಟರ್ ಕಡೆ ಕರೆಂಟಿಲ್ಲ. ಮನೆಯಲ್ಲಿ ಎಷ್ಟು ಸಲ ಆಫ್-ಆನ್ ಮಾಡಿದರೂ ಬರುವುದಿಲ್ಲ. ಬಾಕ್ಸ್ ಹಿಂದೆ ಕೇಬಲ್ ಮಡಚಿಕೊಂಡಿದೆಯಾ ಅಂತ ಒಮ್ಮೆ ನೋಡಿಸಿ, ಸೀದಾ ಆಪರೇಟರ್‌ಗೆ ಫೋನ್ ಮಾಡಿ “ರೆಡ್ ಲೈಟ್ ಬರ್ತಿದೆ” ಅನ್ನಿ. ಈ ಒಂದು ಮಾತಿಗೆ ಅವರು ಕೂಡಲೇ ಎದ್ದು ಬರುತ್ತಾರೆ. “ನೆಟ್ ಇಲ್ಲ” ಅಂದರೆ “ಆಫ್ ಮಾಡಿ ಆನ್ ಮಾಡಿ” ಅಂತ ಮುಂದೂಡುತ್ತಾರೆ.

ಎರಡನೇದು ಹಸಿರಾಗಿ ನಿಂತಿದೆ, ಕೆಂಪು ಇಲ್ಲ, ಆದರೂ ನೆಟ್ ಇಲ್ಲ ಅಂದರೆ ಲೈನ್ ಸರಿಯಿದೆ. ಆಗ ಮೊದಲು ನೋಡಬೇಕಾದ್ದು ಬಿಲ್ ಕಟ್ಟಿದ್ದೀರಾ ಅಂತ. ಅದೂ ಸರಿ ಇದ್ದರೆ ಬಾಕ್ಸ್ ಸ್ವಿಚ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ, ಐದು ನಿಮಿಷ ಮುಟ್ಟದೆ ಕಾಯುವುದು. ಈ ಕಾಯುವುದೇ ಕಷ್ಟ. ಎರಡೇ ನಿಮಿಷಕ್ಕೆ ಮತ್ತೆ ಆಫ್ ಮಾಡುತ್ತಾರೆ. “ಆನ್ ಮಾಡಿ ಒಂದು ಲೋಟ ಕಾಫಿ ಕುಡಿದು ಬಾ” ಅಂತ ಹೇಳಿ.

ಬಾಕ್ಸ್ ಹಿಂದೆ ಸೂಜಿ ತೂರುವಷ್ಟು ಒಂದು ತೂತು ಇರುತ್ತದೆ, ರೀಸೆಟ್ ಅಂತ. ಅದರ ಮೇಲೆ ಇವತ್ತೇ ಟೇಪ್ ಅಂಟಿಸಿ. ಆಫ್-ಆನ್ ಮಾಡುವುದು ಬೇರೆ, ರೀಸೆಟ್ ಬೇರೆ. ಅದನ್ನು ಹತ್ತು ಸೆಕೆಂಡ್ ಒತ್ತಿದರೆ ಕಂಪನಿಯವರು ತುಂಬಿದ ಯೂಸರ್‌ನೇಮ್, ಪಾಸ್‌ವರ್ಡ್, ವೈಫೈ ಹೆಸರು ಎಲ್ಲ ಅಳಿಸಿಹೋಗಿ ಬಾಕ್ಸ್ ಹೊಸದರ ಹಾಗೆ ಖಾಲಿಯಾಗುತ್ತದೆ. ಹಬ್ಬಕ್ಕೆ ಬಂದ ಯಾರೋ ನೆಂಟರ ಹುಡುಗ “ನಾನು ಸರಿ ಮಾಡ್ತೀನಿ ಅಜ್ಜ” ಅಂತ ಪಿನ್ ಹಿಡಿದು ಕೂತರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಆ ಯೂಸರ್‌ನೇಮ್, ಪಾಸ್‌ವರ್ಡ್ ಯಾವುದು ಅಂತ ಹಾಕಿದವರ ಹತ್ತಿರ ಅವತ್ತೇ ಕೇಳಿ ಬರೆದುಕೊಳ್ಳಿ. ಕೆಲವು ಕಂಪನಿಗಳಲ್ಲಿ ಇದು ಬೇಕಾಗುವುದಿಲ್ಲ, ಬಾಕ್ಸ್ ತಾನೇ ಹೊಂದಿಸಿಕೊಳ್ಳುತ್ತದೆ. ಆದರೂ ಕೇಳಿ.

ವೈಫೈ ಹೆಸರಿನ ವಿಷಯದಲ್ಲಿ ನಿಮಗೆ ಒಂದು ಅನುಕೂಲವಿದೆ. ಟಿವಿಯೂ ಅಮ್ಮನ ಮೊಬೈಲೂ ಈಗಾಗಲೇ ಅಪ್ಪಯ್ಯನ ಹಾಟ್‌ಸ್ಪಾಟ್‌ಗೆ ಜೋಡಿಕೊಂಡಿವೆ ಅಲ್ವಾ? ಹೊಸ ರೂಟರ್‌ಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಡಿಸಿ. ಎಲ್ಲವೂ ತಾವಾಗಿಯೇ ಬಂದು ಸೇರುತ್ತವೆ, ಟಿವಿ ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಕುಟ್ಟುವ ಕೆಲಸವಿಲ್ಲ. ಅಪ್ಪಯ್ಯನ ಹಾಟ್‌ಸ್ಪಾಟ್ ಹೆಸರನ್ನು ಮಾತ್ರ ಬದಲಾಯಿಸಿಬಿಡಿ, ಇಲ್ಲದಿದ್ದರೆ ಟಿವಿ ಮತ್ತೆ ಅದನ್ನೇ ಹಿಡಿದುಕೊಂಡೀತು. ಹಾಕಲು ಬಂದವರು ಸಾಮಾನ್ಯವಾಗಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುತ್ತಾರೆ. ಹಾಟ್‌ಸ್ಪಾಟ್‌ದೂ ಹಾಗೇ ಇದ್ದರೆ ಈ ಅನುಕೂಲ ಬಿಟ್ಟು ಹೊಸದನ್ನೇ ಇಡಿ. ಊರಲ್ಲಿ ಆ ನಂಬರ್ ಯಾರಿಗೆ ಗೊತ್ತಿಲ್ಲ ಹೇಳಿ? ತೋಟದ ಹೆಸರು, ದನದ ಹೆಸರು, ಎರಡು ಅಂಕಿ ಸೇರಿಸಿದರೆ ಇಬ್ಬರಿಗೂ ಮರೆಯುವುದಿಲ್ಲ. ಹೆಚ್ಚಿನ ಬಾಕ್ಸ್‌ಗಳಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ವೈಫೈ ಇರುತ್ತದೆ. ಗೋಡೆ ದಾಟುವುದು ಮೊದಲನೆಯದು, ಹತ್ತಿರದಲ್ಲಿ ಸ್ಪೀಡ್ ಕೊಡುವುದು ಎರಡನೆಯದು. ಎರಡಕ್ಕೂ ಒಂದೇ ಹೆಸರಿಡಿಸಿ. ಎರಡು ಹೆಸರು ಕಂಡರೆ ಹಿರಿಯರಿಗೆ ಗೊಂದಲ.

ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಬಾಕ್ಸನ್ನು ಆ ಲೈನಿನ ಪ್ಲಗ್‌ಗೇ ಹಾಕಿ. ಇಲ್ಲದಿದ್ದರೆ ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ಒಂದೆರಡು ಗಂಟೆಗೆ ಮೋಸವಿಲ್ಲ. ಕೊಳ್ಳುವ ಮೊದಲು ಅಡಾಪ್ಟರ್ ಮೇಲೆ ಬರೆದದ್ದನ್ನು ಓದಿ. ಹೆಚ್ಚಿನವು 12 ವೋಲ್ಟ್, ಕೆಲವು 9 ಅಥವಾ 5. ತಪ್ಪು ವೋಲ್ಟೇಜ್ ಕೊಟ್ಟರೆ ಬಾಕ್ಸ್ ಸುಟ್ಟೇ ಹೋಗಬಹುದು. ಆಪರೇಟರ್‌ನಿಂದ ನಿಮ್ಮ ಮನೆವರೆಗೆ ಕಂಬಗಳ ಮೇಲಿರುವ ಡಬ್ಬಗಳಿಗೆ ಕರೆಂಟ್ ಬೇಕಿಲ್ಲ, ಅವು ಬರೀ ಬೆಳಕನ್ನು ಹಂಚುತ್ತವೆ. ಹಾಗಾಗಿ ಆಪರೇಟರ್ ಹತ್ತಿರ ಬ್ಯಾಟರಿ, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದರೆ ಇಡೀ ಊರು ಕತ್ತಲಾದರೂ ನೆಟ್ ಇರುತ್ತದೆ.

ಗುಡುಗು-ಸಿಡಿಲು ಶುರುವಾದರೆ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಲಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಅದನ್ನು ಕೀಳಬೇಕಿಲ್ಲ. ಕಿತ್ತರೆ ತುದಿಗೆ ದೂಳು ಕೂರುತ್ತದೆ. ಆದರೆ ಹೊರಗಿನ ಕೇಬಲ್‌ಗೆ ಆಸರೆಯಾಗಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿದ್ದಾರಾ ಅಂತ ಹಾಕುವ ದಿನವೇ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವ ದೊಡ್ಡ ಲಾಭ ಯೂಟ್ಯೂಬ್ ಅಲ್ಲ. ಮನೆಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದೆ ಅಂಗಳಕ್ಕೆ ಓಡುವ ಪದ್ಧತಿ ನಿಮ್ಮಲ್ಲೂ ಇರಬೇಕು. ಇಬ್ಬರ ಮೊಬೈಲ್ ಸೆಟ್ಟಿಂಗ್ಸ್‌ನಲ್ಲೂ “ವೈಫೈ ಕಾಲಿಂಗ್” ಆನ್ ಮಾಡಿ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ, ಬೇರೆ ದುಡ್ಡಿಲ್ಲ. ಮಾಮೂಲಿ ಫೋನ್ ಕರೆಯೇ ಮನೆಯ ವೈಫೈ ಮೇಲೆ ಹೋಗುತ್ತದೆ, ಅತ್ತ ಕಡೆಯವರ ಹತ್ತಿರ ನೆಟ್ ಇರಬೇಕೆಂದೇನೂ ಇಲ್ಲ. ಮೊಬೈಲ್ ತೀರಾ ಹಳೆಯದಾದರೆ ಈ ಸೌಲಭ್ಯ ಇರಲಿಕ್ಕಿಲ್ಲ, ನೋಡಿಕೊಳ್ಳಿ.

ನೆಟ್ ಬಂದ ಮೇಲೆ ಕಳ್ಳರ ಫೋನೂ ಬರುತ್ತದೆ. “ನಿಮ್ಮ ಕನೆಕ್ಷನ್ ಇವತ್ತೇ ಕಟ್ ಆಗುತ್ತೆ, ಈ ಆಪ್ ಹಾಕಿಕೊಳ್ಳಿ, ಒಟಿಪಿ ಹೇಳಿ” ಅನ್ನುತ್ತಾರೆ. ನಿಮ್ಮ ನಂಬರನ್ನೇ ರಿಜಿಸ್ಟರ್ ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ. “ಇಂಟರ್ನೆಟ್ ಲೆಕ್ಕ ಎಲ್ಲ ಮಗಳದ್ದು, ಅವಳಿಗೇ ಮಾಡಿ” ಅಂತ ಹೇಳಿ ಫೋನ್ ಇಡಲು ಅಪ್ಪಯ್ಯನಿಗೆ ಕಲಿಸಿ. ಅಕಸ್ಮಾತ್ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಆ ನಂಬರನ್ನೂ ಬಾಕ್ಸ್ ಪಕ್ಕದ ಗೋಡೆಗೆ ಅಂಟಿಸಿ. ಅದರ ಮೇಲೆ ಆಪರೇಟರ್ ನಂಬರ್, ವೈಫೈ ಪಾಸ್‌ವರ್ಡ್. ಅಷ್ಟೇ ಸಾಕು, ಗೋಡೆ ತುಂಬ ಬರೆಯಬೇಡಿ.

ಕೊನೆಗೆ ಲ್ಯಾಂಡ್‌ಲೈನ್. ತೆಗೆಸಬೇಡಿ, ಫೈಬರ್‌ಗೆ ಬದಲಾಯಿಸಿಕೊಳ್ಳಿ. ಬಿಎಸ್ಎನ್ಎಲ್‌ನದೇ ಫೈಬರ್ ಹಾಕಿಸಿದರೆ ಹಳೇ ನಂಬರನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು. ಆದರೆ ಅರ್ಜಿ ಕೊಡುವಾಗಲೇ ಹೇಳಿ ಬರೆಸಬೇಕು. ಹಳೇ ಲೈನ್ ಸರೆಂಡರ್ ಮಾಡಿದ ಮೇಲೆ ಕೇಳಿದರೆ ಸಿಗುವುದು ಕಷ್ಟ. ಬಾಕ್ಸ್ ಹಿಂದೆ ಫೋನಿನ ಪಿನ್ ಕೂರುವ ಜಾಗ ಇರುತ್ತದೆ, ಹಳೇ ಫೋನನ್ನೇ ಅಲ್ಲಿಗೆ ಹಾಕಿದರೆ ಆಯಿತು. ಒಂದು ವ್ಯತ್ಯಾಸ ಮಾತ್ರ ಅಪ್ಪಯ್ಯನಿಗೆ ತಿಳಿಸಿ. ಹಳೇ ತಾಮ್ರದ ಲೈನಿಗೆ ಎಕ್ಸ್‌ಚೇಂಜ್‌ನಿಂದಲೇ 48 ವೋಲ್ಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ಹೊಡೆದುಕೊಳ್ಳುತ್ತಿತ್ತು. ಈಗ ಬಾಕ್ಸ್ ಆರಿದರೆ ಫೋನೂ ಸತ್ತಂತೆ. ಆ ಯುಪಿಎಸ್‌ಗೆ ದುಡ್ಡು ಹಾಕಿ ಅಂದದ್ದು ಮುಖ್ಯವಾಗಿ ಇದಕ್ಕೇ. ಹಾಕಿದವರು ಹೊರಡುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿಸಿ, ಆ ಲ್ಯಾಂಡ್‌ಲೈನ್‌ನಿಂದ ನಿಮ್ಮ ಮೊಬೈಲ್‌ಗೆ ಅಮ್ಮನ ಕೈಲೇ ಒಂದು ಕರೆ ಮಾಡಿಸಿ ನೋಡಿ. ಅದು ಬಂದರೆ ಅವರನ್ನು ಕಳಿಸಿಕೊಡಿ.